ಭಾನುವಾರ ಜೀಪಿನ ಕೆಲಸ: ಬರುವವರು ದಯವಿಟ್ಟು ಓದಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ಶೆಡ್ಡಿನಲ್ಲಿ ನಮ್ಮ 1943ರ ಫೋರ್ಡ್ ಜಿಪಿಡಬ್ಲ್ಯೂ (ಎರಡನೇ ಮಹಾಯುದ್ಧದ ಸೇನಾ ಜೀಪು) ಜೀಪಿನ ಬಾಡಿಯನ್ನು ಚಾಸಿಯಿಂದ, ಅಂದರೆ ಕೆಳಗಿನ ಉಕ್ಕಿನ ಚೌಕಟ್ಟಿನಿಂದ, ಎತ್ತುತ್ತಿದ್ದೇವೆ. ಕನಿಷ್ಠ ಆರು ಜನ ಬೇಕು, ಇದುವರೆಗೆ ಮೂವರು ಮಾತ್ರ ಬರುತ್ತೇನೆ ಅಂದಿದ್ದಾರೆ.

ಮುಖ್ಯವಾದ ಮಾತು. ಬಿಚ್ಚಿದ ಒಂದು ಬೋಲ್ಟನ್ನೂ ಗುಜರಿಗೆ ಹಾಕಬೇಡಿ. ಎಷ್ಟೇ ತುಕ್ಕು ಹಿಡಿದಿರಲಿ, ಡೀಸೆಲ್‌ನಲ್ಲಿ ನೆನೆಸಿ ವೈರ್ ಬ್ರಷ್‌ನಲ್ಲಿ ಉಜ್ಜಿ ನೋಡಿ, ತಲೆಯ ಮೇಲೆ ಪುಟ್ಟದಾಗಿ ‘ಎಫ್’ ಅಕ್ಷರ ಕಾಣಬಹುದು. ಅದು ಫೋರ್ಡ್‌ನವರು ಯುದ್ಧಕಾಲದಲ್ಲಿ ತಮ್ಮ ಭಾಗಗಳ ಮೇಲೆ ಒತ್ತುತ್ತಿದ್ದ ಗುರುತು. ಹೊಸ ಬೋಲ್ಟ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಆ ಗುರುತು ಸಿಗುವುದಿಲ್ಲ ಅಲ್ವಾ?

ಚಾಸಿ ನಂಬರ್ ಇರುವುದು ಚೌಕಟ್ಟಿನ ಎಡಗಡೆ ಪಟ್ಟಿಯ ಮೇಲ್ಭಾಗದಲ್ಲಿ, ಮುಂದಿನ ಕಡೆ. ಅಲ್ಲಿ ಗ್ರೈಂಡರ್ ಮುಟ್ಟಿಸಲೇಬೇಡಿ. ಕಳೆದ ಸಲ ನನ್ನ ಕೈಯಲ್ಲೇ ಎರಡು ಅಂಕಿ ಸವೆದುಹೋಗುವುದರಲ್ಲಿತ್ತು, ಈಗಲೂ ನೆನೆಸಿಕೊಂಡರೆ ಎದೆ ಝಲ್ ಅನ್ನುತ್ತದೆ.

ಡ್ರೈವರ್ ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕು ಖಾಲಿ ಇದೆ ಅಂತ ಯಾರೂ ವೆಲ್ಡಿಂಗ್‌ಗೆ ಕೈ ಹಾಕಬೇಡಿ, ಒಳಗೆ ಆವಿ ಉಳಿದಿರುತ್ತದೆ, ಸಿಡಿದರೆ ಜೀವಕ್ಕೇ ಅಪಾಯ. ಗಾಡಿ 6 ವೋಲ್ಟಿನದು, ಕಾರಿನ 12 ವೋಲ್ಟ್ ಬ್ಯಾಟರಿ ಬೇಡ.

ಬರುವಾಗ ಕೈಗವಸು, ಇಂಚಿನ ಸ್ಪ್ಯಾನರ್ ಸೆಟ್ (ಮಿಲಿಮೀಟರಿನದು ಸರಿಯಾಗಿ ಕೂರುವುದಿಲ್ಲ, ಸುಮ್ನೆ ಮೂಲೆ ಸವೆಯುತ್ತದೆ), ಬೋಲ್ಟ್ ಹಾಕಿಡಲು ಒಂದಷ್ಟು ಖಾಲಿ ಡಬ್ಬಿ ತನ್ನಿ. ಯಾವುದನ್ನೇ ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಡಬ್ಬಿ ಮೇಲೆ ಎಲ್ಲಿಯದು ಅಂತ ಬರೆಯಿರಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ‘ಬರ್ತೀನಿ’ ಅಂತ ಹಾಕಿ. ತಿಂಡಿ ಇಡ್ಲಿ-ವಡೆ, ಅದಕ್ಕೂ ಲೆಕ್ಕ ಬೇಕು.