ನಂಬರ್ ನಿಂತ ಮೇಲೆ ಲೇಸರ್

ರಾಯಚೂರು

ಚಿ. ಭಾಗ್ಯಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನೀನು ಫೋಟೋ ತೆಗೆದು ಕಳಿಸಿದ ಕಣ್ಣಿನ ಪರೀಕ್ಷೆಯ ಮೂರೂ ಚೀಟಿ ನೋಡಿದೆ. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ, ಅವ್ವನಿಗೂ ಓದಿ ಹೇಳು.

ನೀನು ಕೇಳಿದ್ದು ಇಷ್ಟು: 19 ತುಂಬಿತು, ಈ ಬೇಸಿಗೆ ರಜೆಯಲ್ಲಿ ಲೇಸರ್ ಮಾಡಿಸಿ ಕನ್ನಡಕ ತೆಗೆದುಬಿಡಲಾ? ತೆಗೆಸು, ನನ್ನದೇನೂ ಅಡ್ಡಿ ಇಲ್ಲ. ಆದರೆ ಈ ಬೇಸಿಗೆಯಲ್ಲಿ ಬೇಡ. ಮುಂದಿನ ಬೇಸಿಗೆಯಲ್ಲೂ ಬೇಡ ಅಂತಲೇ ನನಗೆ ಅನ್ನಿಸುತ್ತಿದೆ.

ಕಾರಣ ನಿನ್ನ ಚೀಟಿಯಲ್ಲೇ ಇದೆ. 17ರಲ್ಲಿ ಬಲಗಣ್ಣು ಮೈನಸ್ 3.50. 18ರಲ್ಲಿ 4.25. ಈಗ 5.00. ವರ್ಷಕ್ಕೆ ಮುಕ್ಕಾಲು ಪಾಯಿಂಟ್ ಏರುತ್ತಲೇ ಇದೆ. ಒಂದು ವರ್ಷದಲ್ಲಿ ನಂಬರ್ ಅರ್ಧ ಪಾಯಿಂಟಿಗಿಂತ ಜಾಸ್ತಿ ಬದಲಾಗಿರಬಾರದು ಅನ್ನೋದು ಡಾಕ್ಟರರು ನೋಡುವ ಮೊದಲ ಲೆಕ್ಕ. ಎರಡು ವರ್ಷ ನಿಂತಿದ್ದರೆ ಇನ್ನೂ ಒಳ್ಳೆಯದು. ನಿನ್ನದು ಇನ್ನೂ ನಿಂತಿಲ್ಲ.

18 ತುಂಬಿದರೆ ಸಾಕು ಅಂತ ಅಲ್ಲಿ ಕಣ್ಣು ಪರೀಕ್ಷೆ ಮಾಡಿದವರು ಹೇಳಿದರು ಎಂದಿದ್ದೀಯ. ಅದಕ್ಕಿಂತ ಚಿಕ್ಕವರಿಗೆ ಮಾಡಬಾರದು ಅಂತ ಹಾಕಿದ ಗೆರೆ ಅದು. 18 ಆದ ಕೂಡಲೇ ಎಲ್ಲರ ಕಣ್ಣೂ ತಯಾರಾಗುತ್ತದೆ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ. ಒಬ್ಬರಿಗೆ 19ಕ್ಕೇ ನಂಬರ್ ನಿಂತಿರುತ್ತದೆ. ಇನ್ನೊಬ್ಬರಿಗೆ, ಅದರಲ್ಲೂ ಹಗಲು ರಾತ್ರಿ ಪುಸ್ತಕ, ಮೊಬೈಲ್ ಹಿಡಿದು ಓದುವವರಿಗೆ, 23 ದಾಟಿದರೂ ಏರುತ್ತಿರುತ್ತದೆ.

ಯಾಕೆ ಅಂತ ತಿಳಿದುಕೋ. ಮೈನಸ್ ನಂಬರ್ ಬರುವುದು ಹೆಚ್ಚಾಗಿ ಕಣ್ಣುಗುಡ್ಡೆ ಹಿಂದಕ್ಕೆ ಉದ್ದ ಬೆಳೆಯುವುದರಿಂದ. ಲೇಸರ್ ಆ ಉದ್ದವನ್ನು ಮುಟ್ಟುವುದೇ ಇಲ್ಲ. ಕಣ್ಣಿನ ಮುಂದಿರುವ ಪಾರದರ್ಶಕ ಹೊದಿಕೆ, ಅಂದರೆ ಕಾರ್ನಿಯಾವನ್ನು ತೆಳ್ಳಗೆ ಕೆತ್ತಿ, ಈಗಿನ ಉದ್ದಕ್ಕೆ ಸರಿಹೊಂದಿಸುತ್ತದೆ ಅಷ್ಟೇ. ಆಮೇಲೆ ಗುಡ್ಡೆ ಇನ್ನೂ ಬೆಳೆದರೆ ನಂಬರ್ ಮತ್ತೆ ಬರುತ್ತದೆ. ನಿಮ್ಮಪ್ಪ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವನು, ಅವನಿಗೆ ಇದು ಬೇಗ ತಿಳಿಯುತ್ತದೆ. ಬೆಳೆಯುವ ಹುಡುಗನ ಪ್ಯಾಂಟಿಗೆ ಕೆಳಗೆ ಬಟ್ಟೆ ಮಡಚಿ ಬಿಡುತ್ತಾರೆ, ಮುಂದಿನ ವರ್ಷ ಬಿಚ್ಚಿಕೊಳ್ಳಲಿ ಅಂತ. ಕಾರ್ನಿಯಾದಲ್ಲಿ ಅಂಥ ಮಡಿಕೆ ಇಲ್ಲ.

ಅಲ್ಲಿ ಇರುವುದೇ ಸ್ವಲ್ಪ. ಸರಾಸರಿ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರ್‌ಗಿಂತ ಚೂರು ಜಾಸ್ತಿ. ಲಾಸಿಕ್ ಅನ್ನುವ ಲೇಸರ್ ವಿಧಾನದಲ್ಲಿ ಮೊದಲು 100ರಿಂದ 120 ಮೈಕ್ರಾನಿನ ಪದರ ಎತ್ತುತ್ತಾರೆ. ಅದರ ಕೆಳಗೆ ಒಂದೊಂದು ಪಾಯಿಂಟಿಗೂ ಸುಮಾರು 12ರಿಂದ 15 ಮೈಕ್ರಾನ್ ಹೋಗುತ್ತದೆ. ನಿನ್ನ 5 ಪಾಯಿಂಟಿಗೆ 60–75 ಅಂತ ಇಟ್ಟುಕೋ. ಇಷ್ಟೆಲ್ಲ ಆದ ಮೇಲೆ ತಳದಲ್ಲಿ ಕಮ್ಮಿ ಅಂದರೂ 250 ಮೈಕ್ರಾನ್ ಉಳಿಯಬೇಕು. ಈಗ ಬಹಳ ಡಾಕ್ಟರರು 300 ಉಳಿಯಲಿ ಅನ್ನುತ್ತಾರೆ. ಎರಡು ವರ್ಷಕ್ಕೆ ನಂಬರ್ ಮತ್ತೆ ಬಂದು ಇನ್ನೊಮ್ಮೆ ಮಾಡಿಸಬೇಕಾದರೆ ಅದೇ ತಳದಿಂದಲೇ ತೆಗೆಯಬೇಕು. ಹೋದದ್ದು ಮತ್ತೆ ಬೆಳೆಯುವುದಿಲ್ಲ.

ಮಾನ್ವಿ ಕಡೆಯ ಒಬ್ಬ ಹುಡುಗ ನಮ್ಮ ಕನ್ನಡಕದ ಅಂಗಡಿಗೆ ಬರುತ್ತಿದ್ದ. 18 ತುಂಬಿದ ಕೂಡಲೇ ಮಾಡಿಸಿಕೊಂಡ, ಕನ್ನಡಕವನ್ನು ಯಾರಿಗೋ ಕೊಟ್ಟೂಬಿಟ್ಟ. ಡಿಗ್ರಿ ಮುಗಿಯುವ ಹೊತ್ತಿಗೆ ಮೈನಸ್ 1.25 ಆಗಿ ಮತ್ತೆ ಫ್ರೇಮ್ ಆರಿಸಲು ಬಂದಿದ್ದ. ಮಾಡಿದವರದು ತಪ್ಪು ಅನ್ನಲಾರೆ. ಅವತ್ತಿನ ನಂಬರ್ ತೆಗೆಯಿರಿ ಅಂದ, ಅವರು ತೆಗೆದರು.

ಇದಕ್ಕಿಂತ ನನಗೆ ಜಾಸ್ತಿ ಚಿಂತೆ ಇರುವುದು ಇನ್ನೊಂದು ವಿಷಯದಲ್ಲಿ. ನೀನು ಚಿಕ್ಕವಳಿದ್ದಾಗಿನಿಂದ ಕಣ್ಣು ಉಜ್ಜುತ್ತೀಯ. ಧೂಳು ಬಿದ್ದರೆ ಸಾಕು, ಎರಡೂ ಮುಷ್ಟಿಯಲ್ಲಿ ಉಜ್ಜುವುದು. ಚೀಟಿಯಲ್ಲಿ ಸಿಲಿಂಡರ್ ನಂಬರೂ, ಅಂದರೆ ಕಾರ್ನಿಯಾದ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದಾಗ ಬರುವ ನಂಬರೂ, ಏರಿದೆ. ಕೆರಟೋಕೋನಸ್ ಅಂತ ಒಂದು ತೊಂದರೆ ಇದೆ. ಕಾರ್ನಿಯಾ ತೆಳ್ಳಗಾಗುತ್ತಾ ಮುಂದಕ್ಕೆ ಚೂಪಾಗಿ ಉಬ್ಬುತ್ತದೆ. ಅದು ತಲೆ ಎತ್ತುವುದು ಹದಿಹರೆಯದಲ್ಲಿ, 20ರ ಆಸುಪಾಸಿನಲ್ಲೇ. ಅಲರ್ಜಿ ಇದ್ದು ಕಣ್ಣು ಉಜ್ಜುವವರಲ್ಲಿ ಜಾಸ್ತಿ ಕಾಣಿಸುತ್ತದೆ. ಶುರುವಿನಲ್ಲಿ ಕನ್ನಡಕ ಹಾಕಿದರೆ ಎಲ್ಲ ಸರಿಯಾಗಿ ಕಾಣುತ್ತಿರುತ್ತದೆ, ಗೊತ್ತೇ ಆಗುವುದಿಲ್ಲ. ಅಂಥ ಕಣ್ಣಿಗೆ ಲೇಸರ್ ಮಾಡಿದರೆ ಉಬ್ಬು ಇನ್ನೂ ಬೇಗ ಏರುತ್ತದೆ. ನಿನಗೆ ಇದೆ ಅಂತ ಹೇಳುತ್ತಿಲ್ಲ, ಹೆದರಬೇಡ. ಆದರೆ ಕಾರ್ನಿಯಾದ ನಕ್ಷೆ ತೆಗೆಯುವ ಟೊಪೋಗ್ರಫಿ ಪರೀಕ್ಷೆ ಮಾಡಿಸದೆ ಯಾರು ಹೇಳಿದರೂ ಒಪ್ಪಬೇಡ. ಈಗೊಮ್ಮೆ ತೆಗೆಸು, ಮುಂದಿನ ವರ್ಷ ಮತ್ತೊಮ್ಮೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬದಲಾಗಿದೆಯೋ ಇಲ್ಲವೋ ಡಾಕ್ಟರಿಗೆ ತಿಳಿಯುತ್ತದೆ. ಇನ್ನು ಉಜ್ಜುವುದನ್ನು ಇವತ್ತೇ ಬಿಡು. ತುರಿಕೆ ಇದ್ದರೆ ಡಾಕ್ಟರ ಹತ್ತಿರ ಡ್ರಾಪ್ಸ್ ಬರೆಸಿಕೋ.

ಈಗ ನಿಮ್ಮವ್ವನ ಮಾತಿಗೆ ಬರುತ್ತೇನೆ. ವರ ನೋಡಲು ಬರುವವರ ಮುಂದೆ ಕನ್ನಡಕ ಇರಬಾರದು ಅನ್ನೋದು ಅವಳ ಆಸೆ. ಅವಳ ಕಾಳಜಿ ನನಗೆ ಗೊತ್ತು, ಊರಿನ ಬಾಯಿಯೂ ಗೊತ್ತು. ಆದರೂ ಮದುವೆ ಮುಹೂರ್ತ ನೋಡಿ ಕಣ್ಣಿನ ಆಪರೇಷನ್ ಗೊತ್ತುಮಾಡುವುದನ್ನು ನಾನು ಒಪ್ಪುವುದಿಲ್ಲ. ಕನ್ನಡಕ ನೋಡಿ ಬೇಡ ಅನ್ನುವ ಮನೆಗೆ ನಮ್ಮ ಹುಡುಗಿ ಹೋಗುವುದೂ ಬೇಡ. ಮುಚ್ಚಿಟ್ಟು ಮಾಡುವಂಥದ್ದು ಇದರಲ್ಲಿ ಏನೂ ಇಲ್ಲ. ಇನ್ನೊಂದು ಲೆಕ್ಕವನ್ನೂ ಅವಳಿಗೆ ಹೇಳು: ಬಸುರಿ, ಬಾಣಂತಿ ಕಾಲದಲ್ಲಿ ನಂಬರ್ ಏರುಪೇರಾಗಬಹುದು, ಆಗ ಲೇಸರ್ ಮಾಡುವುದಿಲ್ಲ. ಹಾಲು ಬಿಡಿಸಿ ಕೆಲವು ತಿಂಗಳು ಕಳೆದ ಮೇಲೆ ಮತ್ತೆ ಪರೀಕ್ಷೆ ಮಾಡಿ ನೋಡುತ್ತಾರೆ.

ಹಾಗಾದರೆ ಯಾವಾಗ? ನಿನ್ನ ಚೀಟಿ ನೋಡಿದರೆ 22–23ರ ಹೊತ್ತಿಗೆ ಸರಿಹೋಗಬಹುದು ಅನ್ನಿಸುತ್ತದೆ. ಅಲ್ಲಿಂದ 35ರ ತನಕ ಒಳ್ಳೆಯ ಕಾಲ. ತಡವಾಯಿತು ಅಂತ ಅವಸರಪಡುವಂಥದ್ದೇನಿಲ್ಲ. 40ರ ಸುಮಾರಿಗೆ ಹೇಗೂ ಚಾಳೀಸು ಬರುತ್ತದೆ, ಲೇಸರ್ ಮಾಡಿಸಿದವರಿಗೂ ಬರುತ್ತದೆ. ಇದನ್ನು ಮೊದಲೇ ತಿಳಿದುಕೊಂಡರೆ ಆಗ ಮೋಸವಾಯಿತು ಅನ್ನಿಸುವುದಿಲ್ಲ.

ಲೇಸರ್ ಕಣ್ಣು ಸುಡುತ್ತದಾ ಅಂತಲೂ ನೀನು ಕೇಳಿದ್ದೆ. ಇದಕ್ಕೆ ಬಳಸುವ ಎಕ್ಸೈಮರ್ ಅನ್ನುವ ಲೇಸರ್ ಸುತ್ತಲಿನ ಭಾಗವನ್ನು ಸುಡದೆ ಕೆತ್ತುತ್ತದೆ. ಅದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಮದರಾಸಿನಲ್ಲಿ ಹುಟ್ಟಿದ ರಂಗಸ್ವಾಮಿ ಶ್ರೀನಿವಾಸನ್. 1981ರಲ್ಲಿ ಅಮೆರಿಕದ ಐಬಿಎಂ ಪ್ರಯೋಗಾಲಯದಲ್ಲಿ, ಹಬ್ಬದ ಊಟದಲ್ಲಿ ಉಳಿದ ಟರ್ಕಿ ಕೋಳಿಯ ಮೇಲೆ ಪ್ರಯೋಗ ಮಾಡಿದ್ದರು. ನನಗೆ ಈ ವಿದ್ಯೆಯ ಮೇಲೆ ತುಂಬ ಗೌರವವಿದೆ. ಸರಿಯಾದ ಕಣ್ಣಿಗೆ ಸರಿಯಾದ ಹೊತ್ತಿನಲ್ಲಿ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಂತ ಕಣ್ಣಾರೆ ನೋಡಿದ್ದೇನೆ.

ನಿನ್ನ ತಮ್ಮ ರೈಲ್ವೆಯಲ್ಲಿ ಲೋಕೋ ಪೈಲಟ್ ಆಗುತ್ತೇನೆ ಅನ್ನುತ್ತಿದ್ದಾನಲ್ಲ, ಅವನಿಗೂ ಸ್ವಲ್ಪ ನಂಬರ್ ಇದೆ. ಅಸಿಸ್ಟೆಂಟ್ ಲೋಕೋ ಪೈಲಟ್ ಹುದ್ದೆಗೆ ಲಾಸಿಕ್ ಮಾಡಿಸಿಕೊಂಡವರನ್ನು ತೆಗೆದುಕೊಳ್ಳುವುದಿಲ್ಲ. ನಿನ್ನನ್ನು ನೋಡಿ ಅವನೂ ಓಡುವುದು ಬೇಡ. ಯಾವ ಕೆಲಸಕ್ಕೆ ಅರ್ಜಿ ಹಾಕುತ್ತಾನೋ ಅದರ ವೈದ್ಯಕೀಯ ನಿಯಮ ಮೊದಲು ಓದಲಿ.

ಮಾಡಿಸುವಾಗಲೂ ಏಪ್ರಿಲ್, ಮೇ ಬಿಟ್ಟುಬಿಡು. ಪದರ ಎತ್ತುವಾಗ ಕಾರ್ನಿಯಾದ ಸಣ್ಣ ನರಗಳು ಕತ್ತರಿಸಿಹೋಗುವುದರಿಂದ ಕೆಲವು ತಿಂಗಳು ಕಣ್ಣು ಒಣಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ, ಆ ಕೆಂಪು ಧೂಳಿನಲ್ಲಿ ಸ್ಕೂಟಿ ಓಡಿಸಿಕೊಂಡು ಅದನ್ನು ತಡೆಯುವುದು ಕಷ್ಟ. ಮೊದಮೊದಲು ಕಾಡಿಗೆ ಹಚ್ಚುವಂತಿಲ್ಲ, ಬಣ್ಣದಾಟ ಇಲ್ಲ, ಕಾಲುವೆಯಲ್ಲಿ ಈಜುವುದೂ ಇಲ್ಲ. ಮಳೆಗಾಲ ಮುಗಿದ ಮೇಲೆ ವಾಸಿ.

ಸದ್ಯಕ್ಕೆ ಇಷ್ಟು ಮಾಡು. ನಿನ್ನ ಮೂರು ಚೀಟಿ ಮೂರು ಕಡೆಯವು. ಒಂದು ಕಡೆ ಗೊತ್ತುಮಾಡಿಕೊಂಡು, ಕಣ್ಣಿನ ಬಿಗಿ ಸಡಿಲಿಸುವ ಡ್ರಾಪ್ಸ್ ಹಾಕಿಸಿ ಪರೀಕ್ಷೆ ಮಾಡಿಸು. ಈ ವಯಸ್ಸಿನಲ್ಲಿ ಕಣ್ಣು ಬಿಗಿಹಿಡಿದು ನೋಡಿದರೆ ಮಷೀನು ಮೈನಸ್ ಜಾಸ್ತಿ ತೋರಿಸುತ್ತದೆ, ಏರಿದ್ದರಲ್ಲಿ ಎಷ್ಟು ನಿಜ ಅಂತ ಆಗ ತಿಳಿಯುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಹಾಕುತ್ತಿದ್ದರೆ ಪರೀಕ್ಷೆಗೆ ಎರಡು ವಾರ ಮೊದಲೇ ಬಿಡು. ಕಣ್ಣಿನ ಹಿಂದಿನ ಪರದೆ, ಅಂದರೆ ರೆಟಿನಾವನ್ನೂ ನೋಡಿಸು. ಉದ್ದ ಬೆಳೆದ ಗುಡ್ಡೆಯಲ್ಲಿ ರೆಟಿನಾ ತೆಳ್ಳಗಿರಬಹುದು, ಲೇಸರ್ ಆದರೂ ಅದು ಹಾಗೇ ಇರುತ್ತದೆ. ಕಣ್ಣಿನಲ್ಲಿ ಮಿಂಚು ಹೊಡೆದ ಹಾಗೆ ಆದರೆ, ಕಪ್ಪು ಚುಕ್ಕೆ ಒಮ್ಮೆಲೇ ತೇಲಿದರೆ ಅವತ್ತೇ ಡಾಕ್ಟರ ಹತ್ತಿರ ಹೋಗಬೇಕು.

ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿಡು. ಬರುವ ವರ್ಷದ ಚೀಟಿ ಬಂದ ಮೇಲೆ ನಾನೇ ಬಳ್ಳಾರಿಗೆ ಬರುತ್ತೇನೆ, ಡಾಕ್ಟರ ಮುಂದೆ ಇಬ್ಬರೂ ಕೂತು ಕೇಳೋಣ. ಅಲ್ಲಿಯವರೆಗೆ ಹಗುರವಾದ ಒಂದು ಫ್ರೇಮ್ ನಿನಗೆಂದೇ ತೆಗೆದಿಟ್ಟಿದ್ದೇನೆ. ಡ್ರಾಪ್ಸ್ ಹಾಕಿ ನೋಡಿದ ನಂಬರ್ ಕಳಿಸು, ಗ್ಲಾಸ್ ಹಾಕಿಸಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ