ತಿಂಡಿ ಡಬ್ಬಿ, ನೀರಿನ ಬಾಟಲಿ ಮತ್ತು ಒಂಬತ್ತು ಚಮಚ ಸಕ್ಕರೆ

ಪ್ರೀತಿಯ ಪೋಷಕರೇ,

ನಮಸ್ಕಾರ.

ಕಳೆದ ವರ್ಷ ನಾನೊಂದು ತಪ್ಪು ಮಾಡಿದೆ. ಅದನ್ನು ಹೇಳಿಕೊಂಡೇ ಈ ಪತ್ರ ಶುರು ಮಾಡುತ್ತೇನೆ. ಬಿಡುವಿನ ಹೊತ್ತಿನಲ್ಲಿ ತರಗತಿಗಳಿಗೆ ಹೋಗಿ ಮಕ್ಕಳ ತಿಂಡಿ ಡಬ್ಬಿ ನೋಡಿಕೊಂಡು ಬರುತ್ತಿದ್ದೆ. ಹಣ್ಣು ತಂದವರಿಗೆ ‘ಭೇಷ್’ ಅನ್ನುವುದು, ಚಿಪ್ಸ್ ತಂದವರನ್ನು ಸುಮ್ನೆ ಒಂದು ಸಲ ನೋಡುವುದು. ಯಾರಿಗೂ ಬೈದಿದ್ದಿಲ್ಲ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂದುಕೊಂಡಿದ್ದೆ. ನಾಲ್ಕನೆಯ ದಿನ ಹಿಂದಿನ ಬೆಂಚಿನಲ್ಲಿ ಒಬ್ಬಳು ಹುಡುಗಿ ಡಬ್ಬಿಯ ಮುಚ್ಚಳವನ್ನು ಅರ್ಧ ಮಾತ್ರ ಎತ್ತಿ, ಸಂದಿಯಲ್ಲಿ ಎರಡು ಬೆರಳು ತೂರಿಸಿ ಬಿಸ್ಕತ್ತು ತೆಗೆದು ತಿನ್ನುತ್ತಿದ್ದಳು. ನಾನು ಹತ್ತಿರ ಹೋದದ್ದೇ ಮುಚ್ಚಳ ಟಪ್ ಅಂತ ಮುಚ್ಚಿತು. ನಾನು ದಾಟಿ ಹೋಗುವ ತನಕ ಬಾಯಲ್ಲಿದ್ದದ್ದನ್ನು ಅವಳು ಅಗಿಯಲೇ ಇಲ್ಲ. ಅವತ್ತಿಗೆ ನನ್ನ ಡಬ್ಬಿ ತಪಾಸಣೆ ಮುಗಿಯಿತು.

ಡಬ್ಬಿ ತುಂಬುವುದು ಮಗು ಅಲ್ಲ, ಅಲ್ವಾ? ಬೆಳಗಿನ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ್ದನ್ನು ತುಂಬಿ ಕಳಿಸುವವರು ನೀವು. ಮಾತಾಡಬೇಕಾದದ್ದು ನಿಮ್ಮ ಹತ್ತಿರ. ಹಾಗಾಗಿ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ಇದು ನಿಷೇಧದ ಪಟ್ಟಿ ಅಲ್ಲ. ಮದುವೆ ಮನೆಯ ಸಿಹಿ, ರಜೆಯಲ್ಲಿ ತಿಂದ ಐಸ್‌ಕ್ರೀಮ್, ಯಾವತ್ತೋ ಒಂದು ದಿನದ ಚಿಪ್ಸ್ ಪ್ಯಾಕೆಟ್ಟು, ಇವುಗಳ ಬಗ್ಗೆ ನನ್ನ ತಕರಾರಿಲ್ಲ. ನನಗೆ ಚಿಂತೆ ಇರುವುದು ದಿನಾ ನಡೆಯುವುದರ ಬಗ್ಗೆ. ಮಗು ದಿನಾ ಏನು ಕುಡಿಯುತ್ತದೆ, ದಿನಾ ಏನು ತಿನ್ನುತ್ತದೆ, ಅಷ್ಟೇ.

ಕುಡಿಯುವುದರಿಂದ ಶುರು ಮಾಡೋಣ. ಯಾಕೆಂದರೆ ಅಲ್ಲೇ ಸಕ್ಕರೆ ಕಣ್ಣಿಗೆ ಕಾಣದೆ ಒಳಗೆ ಹೋಗುತ್ತದೆ. ಹೋದ ತಿಂಗಳು ಆರನೇ ತರಗತಿಯವರು ವಿಜ್ಞಾನದ ಪೀರಿಯಡ್ಡಿನಲ್ಲಿ ಒಂದು ಸಣ್ಣ ಪ್ರಯೋಗ ಮಾಡಿದರು. ಕೂಲ್ ಡ್ರಿಂಕ್ಸಿನ 330 ಮಿಲಿಲೀಟರ್ ಕ್ಯಾನು, ಒಂದು ಖಾಲಿ ಗಾಜಿನ ಲೋಟ, ಸಕ್ಕರೆ ಡಬ್ಬ, ಮನೆಯಿಂದ ತಂದ ಚಮಚಗಳು. ಕ್ಯಾನಿನ ಮೇಲೆ 100 ಮಿಲಿಲೀಟರಿಗೆ 10.6 ಗ್ರಾಂ ಸಕ್ಕರೆ ಅಂತ ಬರೆದಿತ್ತು. ಮಕ್ಕಳೇ ಲೆಕ್ಕ ಹಾಕಿದರು. ಇಡೀ ಕ್ಯಾನಿಗೆ ಸುಮಾರು 35 ಗ್ರಾಂ. ಒಂದು ಟೀ ಚಮಚಕ್ಕೆ 4 ಗ್ರಾಂ ಹಿಡಿದರೆ ಹೆಚ್ಚುಕಮ್ಮಿ ಒಂಬತ್ತು ಚಮಚ. ಒಬ್ಬೊಬ್ಬರೇ ಬಂದು ಲೋಟಕ್ಕೆ ಒಂದೊಂದು ಚಮಚ ಸುರಿದರು. ಮೂರನೆಯದರ ತನಕ ನಗು, ಗಲಾಟೆ. ಆರನೆಯದಕ್ಕೆ ತರಗತಿ ಗಪ್‌ಚುಪ್. ಒಂಬತ್ತನೆಯದು ಬಿದ್ದ ಮೇಲೆ ಒಬ್ಬ ಹುಡುಗ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ಕೇಳಿದ: “ಟೀಚರ್, ಟೀಗೆ ಇಷ್ಟು ಸಕ್ಕರೆ ಹಾಕಿಕೊಟ್ಟರೆ ಯಾರಾದ್ರೂ ಕುಡೀತಾರಾ?”

ಕುಡಿಯುವುದಿಲ್ಲ. ಆದರೆ ಕೂಲ್ ಡ್ರಿಂಕ್ಸಿನಲ್ಲಿ ಹುಳಿ ಇರುತ್ತದೆ, ಗ್ಯಾಸ್ ಇರುತ್ತದೆ, ಮೇಲಾಗಿ ತಣ್ಣಗಿರುತ್ತದೆ. ಇವೆಲ್ಲ ಸೇರಿ ಸಿಹಿಯನ್ನು ಮರೆಮಾಚುತ್ತವೆ. ಅದೇ ಪಾನೀಯವನ್ನು ಮುಚ್ಚಳ ತೆಗೆದು ಅರ್ಧ ದಿನ ಹೊರಗಿಟ್ಟು, ಆಮೇಲೆ ಒಂದು ಗುಟುಕು ಕುಡಿದು ನೋಡಿ. ಬರೀ ಪಾಕ ಅನ್ನಿಸುತ್ತದೆ.

ಎಷ್ಟು ಸಕ್ಕರೆ ಸರಿ? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆ ಇದು: ದಿನವಿಡೀ ಊಟ ತಿಂಡಿಯಿಂದ ಸಿಗುವ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು 10 ಪರ್ಸೆಂಟಿಗಿಂತ ಕಡಿಮೆ ಇರಲಿ, 5 ಪರ್ಸೆಂಟಿಗಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ 1600 ಕಿಲೋಕ್ಯಾಲರಿ ಬೇಕಾಗುವ ಮಗುವಿಗೆ ಇದು ಗರಿಷ್ಠ 10 ಚಮಚ, ಇನ್ನೂ ಒಳ್ಳೆಯ ಲೆಕ್ಕದಲ್ಲಿ 5 ಚಮಚ. ಒಂದೇ ಕ್ಯಾನಿಗೆ ದಿನದ ಲೆಕ್ಕ ಮುಗಿಯುತ್ತಾ ಬಂತು. ‘ಇಂಥ ಸಕ್ಕರೆ’ ಅಂದರೆ ನಾವು ಹಾಕುವ ಸಕ್ಕರೆ, ಕಾರ್ಖಾನೆಯವರು ಹಾಕುವ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸದಲ್ಲಿರುವ ಸಕ್ಕರೆ, ಎಲ್ಲವೂ. ಇಡೀ ಹಣ್ಣಿನಲ್ಲಿರುವುದು, ಹಾಲಿನಲ್ಲಿ ತಾನಾಗಿಯೇ ಇರುವುದು ಇದರಲ್ಲಿ ಸೇರುವುದಿಲ್ಲ.

ಜೇನುತುಪ್ಪ, ಹಣ್ಣಿನ ರಸ ಅಂದ ತಕ್ಷಣ ಕೆಲವರ ಹುಬ್ಬು ಮೇಲೇರುತ್ತದೆ ಅಂತ ಗೊತ್ತು. “ಜ್ಯೂಸ್ ಒಳ್ಳೆಯದಲ್ವಾ ಮೇಡಂ?” ಅಂತ ಪೋಷಕರ ಸಭೆಯಲ್ಲಿ ಪ್ರತಿ ಸಲ ಯಾರಾದರೂ ಕೇಳುತ್ತಾರೆ. ಮನೆಯಲ್ಲಿ ಒಂದು ಲೋಟ ಕಿತ್ತಳೆ ರಸ ಹಿಂಡಿ ನೋಡಿ. ಎರಡು ಮೂರು ಹಣ್ಣು ಬೇಕು. ನಾರು ಸೋಸಣಿಗೆಯಲ್ಲಿ ಉಳಿಯುತ್ತದೆ, ಸಕ್ಕರೆ ಲೋಟಕ್ಕೆ ಇಳಿಯುತ್ತದೆ. ಮಗು ಅದನ್ನು ಅರ್ಧ ನಿಮಿಷದಲ್ಲಿ ಕುಡಿದು “ಹಸಿವು” ಅನ್ನುತ್ತದೆ. ಅದೇ ಮಗುವಿನ ಮುಂದೆ ಮೂರು ಕಿತ್ತಳೆ ಸುಲಿದಿಡಿ. ಒಂದು ತಿನ್ನುವಷ್ಟರಲ್ಲಿ ಸಾಕು ಅನ್ನುತ್ತದೆ. ಜ್ಯೂಸ್ ಕೊಡಲೇಬೇಕು ಅನ್ನಿಸಿದರೆ ಸಣ್ಣ ಲೋಟದಲ್ಲಿ, ಊಟದ ಜೊತೆ ಕೊಡಿ. ಪ್ಯಾಕೆಟ್ಟಿನಲ್ಲಿ ಬರುವ ‘ಫ್ರೂಟ್ ಡ್ರಿಂಕ್’ ಇದಕ್ಕಿಂತಲೂ ಬೇರೆ ಸಂಗತಿ. ಅದರಲ್ಲಿ ಸಾಮಾನ್ಯವಾಗಿ ಹಣ್ಣು ಕಡಿಮೆ, ನೀರು ಸಕ್ಕರೆ ಜಾಸ್ತಿ.

ಊಟದ ಜೊತೆ ಅಂದೆ. ಅದಕ್ಕೆ ಕಾರಣ ಹಲ್ಲು. ಬಾಯಿಯೊಳಗಿನ ಬ್ಯಾಕ್ಟೀರಿಯಾ ಸಕ್ಕರೆಯನ್ನು ತಿಂದು ಆಮ್ಲ ಮಾಡುತ್ತವೆ. ಆ ಆಮ್ಲ ಹಲ್ಲಿನ ಎನಾಮೆಲ್ಲನ್ನು ಕರಗಿಸಲು ಶುರು ಮಾಡುತ್ತದೆ. ಜೊಲ್ಲು ಅದನ್ನು ತೊಳೆದು ಬಾಯಿಯನ್ನು ಮೊದಲಿನ ಸ್ಥಿತಿಗೆ ತರಲು ಸುಮಾರು ಅರ್ಧ ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಈಗ ಒಂದು ಮಗುವನ್ನು ನೆನೆಸಿಕೊಳ್ಳಿ. ಸ್ಟ್ರಾ ಇರುವ ಬಾಟಲಿಯಲ್ಲಿ ಸಿಹಿ ಪಾನೀಯ, ಹತ್ತು ನಿಮಿಷಕ್ಕೊಂದು ಗುಟುಕು, ಮಧ್ಯಾಹ್ನ ಪೂರ್ತಿ. ಪಾಪ, ಜೊಲ್ಲಿಗೆ ಕೆಲಸ ಮುಗಿಸಲು ಸಮಯವೇ ಸಿಗುವುದಿಲ್ಲ. ಅಷ್ಟನ್ನೇ ಊಟದ ಜೊತೆ ಒಂದೇ ಸಲ ಕುಡಿದಿದ್ದರೆ ಹಲ್ಲಿಗೆ ಪೆಟ್ಟು ಕಡಿಮೆ. ಎಷ್ಟು ಅನ್ನುವಷ್ಟೇ ಎಷ್ಟು ಸಲ ಅನ್ನುವುದೂ ಮುಖ್ಯ. ಆದ್ದರಿಂದ ಶಾಲೆಯ ಬಾಟಲಿಯಲ್ಲಿ ನೀರು ಮಾತ್ರ ಇರಲಿ ಅಂತ ನನ್ನ ವಿನಂತಿ.

ನೀರಿನ ವಿಷಯದಲ್ಲಿ ನಮ್ಮದೂ ಒಂದು ತಪ್ಪಿದೆ. ಬೆಳಗ್ಗೆ ತುಂಬಿ ಕಳಿಸಿದ ಬಾಟಲಿ ಸಂಜೆ ಹಾಗೇ ವಾಪಸ್ ಬರುತ್ತದೆ ಅಂತ ನಿಮ್ಮಲ್ಲಿ ಹಲವರು ಹೇಳಿದ್ದೀರಿ. ಯಾಕೆ ಅಂತ ಮಕ್ಕಳನ್ನೇ ಕೇಳಿದೆ. ಬಾಯಾರಿಕೆ ಆಗಲ್ಲ ಅಂದವರು ಇಬ್ಬರೋ ಮೂವರೋ. ಉಳಿದವರು ಹೇಳಿದ್ದು ಬೇರೆ. ನೀರು ಕುಡಿದರೆ ಪಾಠದ ಮಧ್ಯೆ ಎದ್ದು ಹೋಗಬೇಕು, ಕೇಳಿದರೆ ಟೀಚರ್ “ಈಗಷ್ಟೇ ಹೋಗಿದ್ದೆಯಲ್ಲ” ಅನ್ನುತ್ತಾರೆ. ಹೆಣ್ಣುಮಕ್ಕಳು ಶೌಚಾಲಯದ ಚಿಲಕ ಸರಿಯಿಲ್ಲ ಅಂದರು. ಹೋಗಿ ನೋಡಿದೆ, ನಿಜ. ಚಿಲಕ ಹಾಕಿಸಿದ್ದೇವೆ. ಪಾಠದ ಮಧ್ಯೆ ಕೇಳಿದರೂ ಕಳಿಸಬೇಕು ಅಂತ ಶಿಕ್ಷಕರಿಗೆ ಹೇಳಿದ್ದೇನೆ. ನೀರು ಕುಡಿಯಿರಿ ಅಂತ ಭಾಷಣ ಮಾಡುವುದಕ್ಕಿಂತ ಮೊದಲು ಈ ಕೆಲಸ ಆಗಬೇಕಿತ್ತು.

ದೊಡ್ಡ ತರಗತಿಯ ಮಕ್ಕಳ ಮನೆಯವರಿಗೆ ಒಂದು ಮಾತು. ಎನರ್ಜಿ ಡ್ರಿಂಕ್ ಶಾಲೆಗೆ ಬೇಡ. ಇದೊಂದರಲ್ಲಿ ನಾನು ಗಟ್ಟಿ. 250 ಮಿಲಿಲೀಟರಿನ ಒಂದು ಸಣ್ಣ ಕ್ಯಾನಿನಲ್ಲಿ ಸಾಮಾನ್ಯವಾಗಿ 80 ಮಿಲಿಗ್ರಾಂ ಕೆಫೀನ್ ಇರುತ್ತದೆ. ದೊಡ್ಡ ಕ್ಯಾನಿನಲ್ಲಿ ಇದರ ಎರಡು ಪಟ್ಟೂ ಇರಬಹುದು. ಮೇಲೆ ಸಕ್ಕರೆ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಕುಡಿದು, ನಿದ್ದೆ ಇಲ್ಲದೆ, ಎದೆ ಡವಡವ ಅನ್ನುತ್ತಾ ಬಂದು ಕೂತ ಮಕ್ಕಳನ್ನು ನಾನೇ ನೋಡಿದ್ದೇನೆ. ಸ್ಪೋರ್ಟ್ಸ್ ಡ್ರಿಂಕ್ ಕೂಡ ದಿನದ ಆಟಕ್ಕೆ ಬೇಕಿಲ್ಲ, ನೀರು ಸಾಕು.

ಇನ್ನು ತಿನ್ನುವುದು. ಪ್ಯಾಕೆಟ್ಟಿನ ಮುಂಭಾಗ ಜಾಹೀರಾತು, ಹಿಂಭಾಗ ಸತ್ಯ. ಮುಂದೆ ‘ಮಲ್ಟಿಗ್ರೇನ್’ ಅಂತ ದಪ್ಪಕ್ಷರ ಇರುತ್ತದೆ, ಹಿಂದೆ ತಿರುಗಿಸಿದರೆ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ. ಯಾವುದು ತೂಕದಲ್ಲಿ ಜಾಸ್ತಿಯೋ ಅದನ್ನೇ ಪಟ್ಟಿಯಲ್ಲಿ ಮೊದಲು ಬರೆಯುತ್ತಾರೆ. ಹಾಗಾಗಿ ಮೊದಲ ಮೂರು ಹೆಸರು ಓದಿದರೆ ಅರ್ಧ ಕಥೆ ಗೊತ್ತಾಗುತ್ತದೆ. ಸಕ್ಕರೆಗೆ ಬೇರೆ ಬೇರೆ ವೇಷಗಳಿವೆ: ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್, ಫ್ರಕ್ಟೋಸ್, ಇನ್ವರ್ಟ್ ಸಿರಪ್, ಜ್ಯೂಸ್ ಕಾನ್ಸಂಟ್ರೇಟ್. ಒಂದೇ ಬಿಸ್ಕತ್ತಿನಲ್ಲಿ ಮೂರು ವೇಷ ಬಂದರೆ ಮೂರೂ ಪಟ್ಟಿಯ ಕೆಳಗೆ ಜಾರಿ, ಸಕ್ಕರೆ ಕಡಿಮೆ ಇದ್ದಂತೆ ಕಾಣುತ್ತದೆ. ಇನ್ನೊಂದು ಚಾಲಾಕಿತನ ‘ಒಂದು ಸರ್ವಿಂಗ್’. 90 ಗ್ರಾಂ ಪ್ಯಾಕೆಟ್ಟಿನ ಮೇಲೆ 30 ಗ್ರಾಮಿನ ಲೆಕ್ಕ ಕೊಟ್ಟಿರುತ್ತಾರೆ. ಮೂರನೇ ಒಂದು ಭಾಗ ತಿಂದು ಪ್ಯಾಕೆಟ್ ಮಡಚಿಟ್ಟ ಮಗುವನ್ನು ನಾನಂತೂ ನೋಡಿಲ್ಲ. ಉಪ್ಪಿನದೂ ಇದೇ ಕಥೆ. ಸೋಡಿಯಂ ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ, ಆಗ ಉಪ್ಪಿನ ಲೆಕ್ಕ ಸಿಗುತ್ತದೆ. ದೊಡ್ಡವರಿಗೇ ದಿನಕ್ಕೆ 5 ಗ್ರಾಂ ಉಪ್ಪಿನೊಳಗೆ ಇರಿ ಅನ್ನುತ್ತಾರೆ, ಮಕ್ಕಳಿಗೆ ಇನ್ನೂ ಕಡಿಮೆ ಸಾಕು.

ಹಾಗಾದರೆ ಡಬ್ಬಿಗೆ ಏನು ಹಾಕುವುದು? ನನ್ನ ಹತ್ತಿರ ಮೆನು ಇಲ್ಲ. ನಿಮ್ಮ ಅಡುಗೆಮನೆ ನಿಮಗೇ ಚೆನ್ನಾಗಿ ಗೊತ್ತು. ಹೊಟ್ಟೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುವಂಥದ್ದು ಒಂದಿರಲಿ: ಬೇಯಿಸಿದ ಕಾಳು, ಮೊಟ್ಟೆ, ಗಟ್ಟಿ ಮೊಸರು, ಬೀಜಗಳು. ಜೊತೆಗೆ ಒಂದು ಹಣ್ಣೋ ಹಸಿ ತರಕಾರಿಯೋ. ಹಿಂದಿನ ದಿನ ಮಿಕ್ಕಿದ್ದನ್ನು ಫ್ರಿಜ್ಜಿನಲ್ಲಿಟ್ಟು ಚೆನ್ನಾಗಿ ಬಿಸಿ ಮಾಡಿ ಕಳಿಸಿದರೂ ತಪ್ಪೇನಿಲ್ಲ. ಸೇಬು ಹೆಚ್ಚಿ ಕಳಿಸಿದರೆ ಕಂದು ಬಣ್ಣಕ್ಕೆ ತಿರುಗಿ ಮಕ್ಕಳು ಮುಟ್ಟುವುದಿಲ್ಲ ಅಂತ ದೂರು ಬರುತ್ತಿತ್ತು. ಒಬ್ಬ ಅಜ್ಜಿಯ ಉಪಾಯ ನೋಡಿ: ಹೋಳುಗಳಿಗೆ ಸ್ವಲ್ಪ ನಿಂಬೆರಸ ಸವರಿ, ಮತ್ತೆ ಇಡೀ ಸೇಬಿನ ಆಕಾರಕ್ಕೆ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕುತ್ತಾರೆ. ಮೊಮ್ಮಗ ಅದನ್ನು ಬಿಚ್ಚಿ ತೋರಿಸಿ ತಿನ್ನುವುದನ್ನು ನೋಡಲು ಅಕ್ಕಪಕ್ಕದ ಬೆಂಚಿನವರೆಲ್ಲ ಸೇರುತ್ತಾರೆ.

ಪುಟ್ಟ ಮಕ್ಕಳ ವಿಷಯದಲ್ಲಿ ಜೋಪಾನ. ಐದು ವರ್ಷದೊಳಗಿನವರಿಗೆ ಇಡೀ ಬಾದಾಮಿ, ಗೋಡಂಬಿ, ಕಡಲೆಕಾಯಿ ಬೀಜ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ ಕಳಿಸಿ. ಬೀಜ, ಹಾಲು, ಮೊಟ್ಟೆಯ ಅಲರ್ಜಿ ಇರುವ ಮಕ್ಕಳೂ ನಮ್ಮಲ್ಲಿದ್ದಾರೆ. ನಿಮ್ಮ ಮಗುವಿಗೆ ಇದ್ದರೆ ಕ್ಲಾಸ್ ಟೀಚರಿಗೆ ಬರೆದು ತಿಳಿಸಿ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುವ ಮಗುವಿನ ಬ್ಯಾಗಿನಲ್ಲಿ ಜ್ಯೂಸೋ ಗ್ಲೂಕೋಸೋ ಇರಲೇಬೇಕು. ಅದು ಸಕ್ಕರೆ ಮಟ್ಟ ಇಳಿದಾಗ ಬೇಕಾಗುವ ಔಷಧಿ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ.

“ಕೊಟ್ಟರೂ ತಿನ್ನಲ್ಲ ಮೇಡಂ” ಅನ್ನುವವರಿಗೆ: ಮತ್ತೆ ಕೊಡಿ. ಹೊಸ ರುಚಿ ಒಗ್ಗಲು ಕೆಲವು ಮಕ್ಕಳಿಗೆ ಹತ್ತು ಹದಿನೈದು ಸಲ ಬೇಕಾಗುತ್ತದೆ. ನಾವು ಮೂರನೆಯ ಸಲಕ್ಕೇ ಕೈಬಿಡುತ್ತೇವೆ. ಒತ್ತಾಯ ಬೇಡ, ಒಂದು ತುಂಡು ಇಟ್ಟು ಸುಮ್ಮನಿರಿ. “ಕ್ಯಾರೆಟ್ ತಿಂದರೆ ಚಾಕೊಲೇಟ್ ಕೊಡ್ತೀನಿ” ಅಂತ ಆಸೆ ತೋರಿಸಬೇಡಿ. ಕ್ಯಾರೆಟ್ ಶಿಕ್ಷೆ, ಚಾಕೊಲೇಟ್ ಬಹುಮಾನ ಅಂತ ನಾವೇ ಪಾಠ ಮಾಡಿದ ಹಾಗಾಗುತ್ತದೆ.

ಶಾಲೆಯ ಕಡೆಯಿಂದಲೂ ಕೆಲವು ಬದಲಾವಣೆ. ಸರಿ ಉತ್ತರಕ್ಕೆ ಟಾಫಿ ಕೊಡುವುದನ್ನು ನಿಲ್ಲಿಸಿದ್ದೇವೆ. ಈಗ ಬಹುಮಾನ ಐದು ನಿಮಿಷ ಜಾಸ್ತಿ ಆಟ. ಹುಟ್ಟುಹಬ್ಬದ ಸಿಹಿ ವರ್ಷಕ್ಕೊಂದು ಸಲ ತಾನೆ ಅಂದುಕೊಂಡಿದ್ದೆ. ಆದರೆ ನಲವತ್ತು ಮಕ್ಕಳ ತರಗತಿಯಲ್ಲಿ ಅದು ವರ್ಷಕ್ಕೆ ನಲವತ್ತು ಸಲ! ಇನ್ನು ಮುಂದೆ ತಿಂಗಳ ಕೊನೆಯ ಶುಕ್ರವಾರ ಆ ತಿಂಗಳ ಎಲ್ಲರ ಹುಟ್ಟುಹಬ್ಬ ಒಟ್ಟಿಗೆ. ಅವತ್ತು ಸಿಹಿ ತನ್ನಿ, ಎಲ್ಲರೂ ತಿನ್ನೋಣ. ನನ್ನ ಮೇಜಿನ ಡ್ರಾಯರಿನಲ್ಲಿದ್ದ ಕ್ರೀಮ್ ಬಿಸ್ಕತ್ತಿನ ಪ್ಯಾಕೆಟ್ಟೂ ಮನೆಗೆ ಹೋಯಿತು. ಅದು ಅಲ್ಲಿದೆ ಅಂತ ಮೂರನೇ ತರಗತಿಗೆಲ್ಲ ಗೊತ್ತಿತ್ತಂತೆ.

ಇವತ್ತು ಸಂಜೆ ಮಗುವಿನ ಬಾಟಲಿ ತೊಳೆಯುವಾಗ ಎಷ್ಟು ನೀರು ಉಳಿದಿದೆ ಅಂತ ನೋಡಿ, ಡೈರಿಯಲ್ಲಿ ಒಂದು ಸಾಲು ಬರೆದು ಕಳಿಸಿ. ಚಿಲಕ ಹಾಕಿಸಿದ್ದರಿಂದ ಏನಾದರೂ ಪ್ರಯೋಜನ ಆಯಿತೋ ಇಲ್ಲವೋ ನನಗೆ ತಿಳಿಯಬೇಕು.

ಇಂತಿ,
ನಿಮ್ಮ ಮುಖ್ಯ ಶಿಕ್ಷಕಿ

ತಾ.ಕ.: ವಿಜ್ಞಾನದ ಪ್ರಯೋಗಕ್ಕೆ ತಂದ ಚಮಚಗಳಲ್ಲಿ ಮೂರು ಇಲ್ಲೇ ಉಳಿದಿವೆ. ಒಂದರ ಹಿಡಿಯ ಮೇಲೆ ಹೂವಿನ ಚಿತ್ತಾರ ಇದೆ. ಯಾರ ಮನೆಯದು ಅಂತ ದಯವಿಟ್ಟು ಹೇಳಿ ಕಳಿಸಿ.