ಚಂಡಮಾರುತದ ತಿಂಗಳು: ಹ್ಯಾಲಿಫ್ಯಾಕ್ಸ್ ಕನ್ನಡ ಗೆಳೆಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಬಂತು. ಊರಿನಿಂದ ಹೊಸದಾಗಿ ಓದಲು ಬಂದವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಕೆನಡಾದಂಥ ಈ ಚಳಿ ದೇಶಕ್ಕೆ ಎಂಥ ಸೈಕ್ಲೋನ್ ಅಂತ ಅನಿಸಬಹುದು. ಆದರೆ 2003ರ ಹುವಾನ್, 2019ರ ಡೋರಿಯನ್, 2022ರ ಫಿಯೋನಾ, ಮೂರೂ ಇಲ್ಲಿಗೆ ಬಂದದ್ದು ಸೆಪ್ಟೆಂಬರ್‌ನಲ್ಲೇ. 1988ರಲ್ಲಿ ಆಲ್ಬರ್ಟೊ ಅಂತೂ ಸುಮಾರು 41 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ನಮ್ಮ ಮಗ್ಗುಲಲ್ಲೇ ಬಿರುಗಾಳಿಯಾಗಿ ಬಲಿಯಿತು. ನಮ್ಮ ದಕ್ಷಿಣಕ್ಕೆ ಗಲ್ಫ್ ಸ್ಟ್ರೀಮ್ ಎಂಬ ಸಮುದ್ರ ಪ್ರವಾಹದ ಬಿಸಿನೀರು ಹರಿಯುತ್ತದೆ, ಮೇಲಿನ ಗಾಳಿ ತುಂಬಾ ತಣ್ಣಗಿದ್ದರೆ ಸಮುದ್ರ ಸಾಮಾನ್ಯವಾಗಿ ಬೇಕಾಗುವ 26 ಡಿಗ್ರಿಗಿಂತ ಸ್ವಲ್ಪ ಕಮ್ಮಿ ಇದ್ದರೂ ಗಾಳಿ ಸುತ್ತಲು ಸಾಕಾಗುತ್ತದೆ.

ಫಿಯೋನಾ ಬಂದಾಗ ನಮ್ಮ ನೋವಾ ಸ್ಕೋಷಿಯಾ ಪ್ರಾಂತ್ಯದಲ್ಲಿ 4 ಲಕ್ಷಕ್ಕೂ ಹೆಚ್ಚು ಕಡೆ ಕರೆಂಟ್ ಹೋಗಿತ್ತು, ಕೆಲವರಿಗೆ ವಾರ ಕಳೆದರೂ ಬರಲಿಲ್ಲ. ನಮ್ಮ ಒಲೆಗಳೆಲ್ಲ ಕರೆಂಟಿನವು, ಅಲ್ವಾ? ಅದಕ್ಕೇ ಈ ವಾರವೇ ಮೂರು ದಿನಕ್ಕಾಗುವಷ್ಟು ಕುಡಿಯುವ ನೀರು, ಔಷಧಿ, ಟಾರ್ಚ್, ಸ್ವಲ್ಪ ನಗದು ಇಟ್ಟುಕೊಳ್ಳಿ. ತೆಳು ಅವಲಕ್ಕಿ ಜಾಸ್ತಿನೇ ತನ್ನಿ: ಉಪ್ಪು, ಖಾರದಪುಡಿ, ಹಸಿ ಈರುಳ್ಳಿ ಕಲೆಸಿದರೆ ಊಟ ಆಯಿತು, ಒಲೆ ಬೇಡ.

ಇದ್ದಿಲಿನ ಬಾರ್ಬೆಕ್ಯೂ, ಕ್ಯಾಂಪಿಂಗ್ ಸ್ಟವ್ ಮನೆಯೊಳಗೆ ಹಚ್ಚಲೇಬೇಡಿ, ಅವುಗಳಿಂದ ಬರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯೇ ಇರುವುದಿಲ್ಲ. ಸುಮ್ನೆ ಅಲೆ ನೋಡಲು ಪೆಗ್ಗೀಸ್ ಕೋವ್‌ಗೂ ಹೋಗಬೇಡಿ. ಅಲ್ಲಿನ ಕಪ್ಪು ಬಂಡೆ ಒದ್ದೆಯಾದರೆ ಕಾಲು ನಿಲ್ಲುವುದಿಲ್ಲ.

ಬೇಸ್‌ಮೆಂಟ್‌ನಲ್ಲಿರುವವರು, ಚಿಕ್ಕ ಮಕ್ಕಳಿರುವವರು, ಊರಿನಿಂದ ಅಪ್ಪ ಅಮ್ಮ ಬಂದಿರುವವರು ಶನಿವಾರ ರಾತ್ರಿಯೊಳಗೆ ನನಗೆ ಪ್ರತ್ಯೇಕವಾಗಿ ಮೆಸೇಜ್ ಹಾಕಿ. ಮನೆಯಲ್ಲಿ ಇನ್ನಿಬ್ಬರಿಗೆ ಜಾಗ ಇದೆ ಎನ್ನುವವರು ಇಲ್ಲೇ ಕೈ ಎತ್ತಿ. ಗುಡ್ ಮಾರ್ನಿಂಗ್ ಚಿತ್ರಗಳಿಗೆ ಎರಡು ದಿನ ರಜೆ ಕೊಡಿ, ಇಲ್ಲದಿದ್ದರೆ ಉತ್ತರಗಳು ಕಾಣುವುದಿಲ್ಲ.